ಎರಡನೇ ವರ್ಷದ ಪಾಠ

ನನ್ನ ಗೆಳತಿ ತೀರಿಕೊಂಡ ಮರುದಿನ ರಸಾಯನಶಾಸ್ತ್ರ ವಿಭಾಗದ ಸೂಚನಾ ಫಲಕದ ಮೇಲೆ ಒಂದು ಹಾಳೆ ಬಂತು. ‘ನಮ್ಮ ವಿಭಾಗದ ಪ್ರಯೋಗಾಲಯ ಸಹಾಯಕಿಯವರು ನಿನ್ನೆ ನಿಧನರಾದರೆಂದು ತಿಳಿಸಲು ವಿಷಾದಿಸುತ್ತೇವೆ’ ಎಂದು ಶುರುವಾಗಿ ನಾಲ್ಕು ಸಾಲಿಗೆ ಮುಗಿದುಹೋಗಿತ್ತು. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಯಾರೋ ‘ಸಹಾಯಕಿ’ಯ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ‘ಮತ್ತು ಪದವಿ ಎರಡನೇ ವರ್ಷದ ವಿದ್ಯಾರ್ಥಿನಿ’ ಎಂದು ಸೇರಿಸಿದ್ದರು. ಆತುರದ ಕೈಬರಹ. ಅದನ್ನು ಓದಿ ಗೋಡೆಗೆ ಒರಗಿ ನಿಂತೆ.

ಅವಳಿಗೆ ನಲವತ್ತೆಂಟು ವರ್ಷ. ಅಚ್ಚಿನಲ್ಲಿದ್ದ ಮಾತು ಇಪ್ಪತ್ತೊಂಬತ್ತು ವರ್ಷಗಳಿಂದ ನಿಜವಾಗಿತ್ತು. ಪೆನ್ಸಿಲ್ಲಿನ ಮಾತು ನಿಜವಾಗಿ ಐದು ತಿಂಗಳಾಗಿತ್ತು, ಅಷ್ಟೆ. ಅದಕ್ಕಾಗಿ ಅವಳು ಹದಿನಾಲ್ಕು ವರ್ಷ ಕಾದಿದ್ದಳು.

ಎಲ್ಲರೂ ಅವಳನ್ನು ಊದಕ್ಕ ಎನ್ನುತ್ತಿದ್ದರು. ಗಾಜು ಊದುವ ಅಕ್ಕ ಎಂಬುದು ವಿದ್ಯಾರ್ಥಿಗಳ ಬಾಯಲ್ಲಿ ಸವೆದು ಸವೆದು ಹಾಗಾಗಿತ್ತು. ವಿಭಾಗದ ಮುಖ್ಯಸ್ಥರು ಕೂಡ ಫೋನಿನಲ್ಲಿ ‘ಊದಕ್ಕನ್ನ ಸ್ವಲ್ಪ ಕಳಿಸಿ’ ಎನ್ನುತ್ತಿದ್ದರು. ನಾನು ಅದೇ ಕಟ್ಟಡದ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಅವಳ ಬಾಯಲ್ಲಿ ನಾನು ‘ಲೈಬ್ರರಿ’. ‘ಏ ಲೈಬ್ರರಿ, ಊಟಕ್ಕೆ ಬರ್ತೀಯೋ, ಪುಸ್ತಕಾನೇ ತಿಂತೀಯೋ?’ ಎಂದು ದಿನವೂ ಬಾಗಿಲಲ್ಲಿ ನಿಂತು ಕರೆಯುವಳು. ಒಳಗೆ ಬರುತ್ತಿರಲಿಲ್ಲ. ಏಕೆಂಬುದನ್ನು ಆಮೇಲೆ ಹೇಳುತ್ತೇನೆ.

ನೆಲಮಹಡಿಯ ಓಣಿಯ ಕೊನೆಯಲ್ಲಿ, ಮೆಟ್ಟಿಲ ಕೆಳಗಿನ ಇಳಿಜಾರು ಸೂರಿನ ಕೋಣೆ ಅವಳದು. ಒಂದು ಉದ್ದದ ಮೇಜು. ಅದರ ಮೇಲೆ ಗ್ಯಾಸೂ ಆಮ್ಲಜನಕವೂ ಸೇರಿ ಉರಿಯುವ ಜ್ವಾಲೆ. ಗೋಡೆಯುದ್ದಕ್ಕೂ ಮರದ ಗೂಡುಗಳಲ್ಲಿ ಪೆನ್ಸಿಲಿನಷ್ಟು ಸಣ್ಣದರಿಂದ ತೋಳಿನಷ್ಟು ದಪ್ಪದವರೆಗೆ ಗಾಜಿನ ಕೊಳವೆಗಳು. ಪ್ರಯೋಗಾಲಯದಲ್ಲಿ ಅಂಗಡಿಯಿಂದ ತಂದದ್ದು ಸಾಲದಾದಾಗ, ಸಂಶೋಧಕರು ಕಾಗದದ ಮೇಲೆ ಗೀಚಿಕೊಂಡು ಬಂದದ್ದನ್ನು ನಿಜವಾದ ಗಾಜಿನಲ್ಲಿ ಮಾಡಿಕೊಡುವುದು ಅವಳ ಕೆಲಸ. ನೇರಳೆ ಛಾಯೆಯ ಕನ್ನಡಕ ಹಾಕಿಕೊಂಡು, ಕೊಳವೆಯ ಒಂದೊಂದು ತುದಿಯನ್ನು ಒಂದೊಂದು ಕೈಯಲ್ಲಿ ಹಿಡಿದು, ಜ್ವಾಲೆಯಲ್ಲಿ ತಿರುಗಿಸತೊಡಗುವಳು. ನಡುವಿನ ಗಾಜು ಮೆತ್ತಗಾದ ಮೇಲೆ ಎರಡು ಕೈಗಳನ್ನೂ ಜೋಡಿಸುವ ಗಟ್ಟಿಯಾದದ್ದು ಏನೂ ಉಳಿದಿರುವುದಿಲ್ಲ. ಆದರೂ ಎಡಗೈ ಎಷ್ಟು ತಿರುಗಿತೋ ಬಲಗೈಯೂ ಅಷ್ಟೇ ತಿರುಗಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಾಜು ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ಕೊಳವೆಯ ತುದಿಗೆ ಸಿಕ್ಕಿಸಿ ಹಲ್ಲಿನಲ್ಲಿ ಕಚ್ಚಿದ ರಬ್ಬರ್ ನಳಿಗೆಯಲ್ಲಿ ಅವಳು ಒಂದಿಷ್ಟು ಉಸಿರು ಬಿಟ್ಟರೆ ಆ ಕೆಂಪು ಉಂಡೆ ನಿದ್ದೆಯಲ್ಲಿರುವ ಮಗುವಿನ ಹೊಟ್ಟೆಯ ಹಾಗೆ ಮೆಲ್ಲಗೆ ಮೇಲೇಳುತ್ತಿತ್ತು. ನಾನು ನೂರಾರು ಸಲ ನೋಡಿದೆ. ಒಂದು ಸಲವೂ ಅದು ನನಗೆ ಮಾಮೂಲಾಗಲಿಲ್ಲ.

‘ಏನ್ ಹಾಗೆ ಬಾಯಿ ಬಿಟ್ಕೊಂಡು ನೋಡ್ತೀಯ? ಗಾಳಿ ತಾನೇ, ಪುಕ್ಕಟೆ ಸಿಗುತ್ತೆ’ ಎನ್ನುವಳು.

ಆ ಕೋಣೆಗೆ ಅವಳು ಬಂದ ದಾರಿ ನೇರವಾದದ್ದಲ್ಲ. ಅವಳ ಅಮ್ಮ ಅದೇ ಕಟ್ಟಡದಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದರು. ಮನೆಯಲ್ಲಿ ಇಬ್ಬರು ಮಕ್ಕಳು, ಇವಳು ಮತ್ತು ತಮ್ಮ. ಓದಿಸಬಹುದಾದದ್ದು ಒಬ್ಬರನ್ನು. ಏಳನೇ ತರಗತಿಯ ಫಲಿತಾಂಶ ಬಂದ ದಿನ ಅಮ್ಮ ಇವಳ ಪಟ್ಟಿಯನ್ನು ನೋಡಿ, ಮಡಿಸಿ, ಸೀರೆಗಳ ಕೆಳಗಿಟ್ಟರಂತೆ. ತಮ್ಮ ಶಾಲೆ ಮುಗಿಸಿ ಕಾಲೇಜಿಗೂ ಹೋದ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಒಂದು ವರ್ಷ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿಕೊಂಡು ಕೂತು, ಎರಡನೇ ವರ್ಷದ ಮೊದಲ ದಿನ ಮನೆಯಿಂದ ಹೊರಟವನು ಕಾಲೇಜಿಗೆ ಹೋಗದೆ ಡ್ರೈವಿಂಗ್ ಕಲಿಯಲು ಹೋದ. ಈಗ ನಗರದ ಬಸ್ಸು ಓಡಿಸುತ್ತಾನೆ. ಅವಳು ಹತ್ತೊಂಬತ್ತಕ್ಕೆ ಅಮ್ಮನ ಜಾಗದಲ್ಲಿ ತೊಳೆಯಲು ನಿಂತಳು.

ತೊಳೆಯುವುದೂ ಒಂದು ವಿದ್ಯೆಯೇ. ತೊಳೆದ ಗಾಜಿನ ಮೇಲೆ ನೀರು ತೆಳ್ಳಗೆ ಹಾಳೆಯಂತೆ ಇಳಿಯಬೇಕು. ಎಲ್ಲಾದರೂ ಹನಿ ಕಟ್ಟಿದರೆ ಅಲ್ಲಿ ಜಿಡ್ಡು ಉಳಿದಿದೆ ಎಂದರ್ಥ. ಅದನ್ನು ಅಮ್ಮ ಕಲಿಸಿದ್ದರು. ಒಡೆದದ್ದನ್ನು ಬುಟ್ಟಿಗೆ ತುಂಬಿ ಓಣಿಯ ಕೊನೆಯ ಕೋಣೆಗೆ ಕೊಡಬೇಕಿತ್ತು. ಅಲ್ಲಿ ಆಗ ಗಾಜು ಊದುತ್ತಿದ್ದವರು ಒಬ್ಬ ಮುದುಕರು. ಎಲ್ಲರಿಗೂ ತಾತ. ಅವರಿಗೆ ಎರಡು ಬಗೆಯ ಗಾಜು ಬೇರೆ ಬೇರೆಯಾಗಿ ಬೇಕಿತ್ತು: ಬೇಗ ಕರಗುವ ಮೆದು ಗಾಜು, ಬಲು ಕಾವಿಗೆ ಮಾತ್ರ ಬಗ್ಗುವ ಗಟ್ಟಿ ಗಾಜು. ಕಣ್ಣಿಗೆ ಎರಡೂ ಒಂದೇ. ತಾತ ಪ್ರತಿ ಚೂರನ್ನೂ ಗ್ಲಿಸರಿನ್ ತುಂಬಿದ ಬಟ್ಟಲಿಗೆ ಅದ್ದಿ ನೋಡುತ್ತಿದ್ದರು. ಮೆದು ಗಾಜು ಅದರಲ್ಲಿ ಮಸುಕಾಗಿ ಕಾಣುತ್ತಿರುತ್ತದೆ. ಗಟ್ಟಿ ಗಾಜು ಪೂರ್ತಿ ಮಾಯವಾಗುತ್ತದೆ. ಬೆರಳಲ್ಲಿ ಹಿಡಿದಿರುವುದು ಗೊತ್ತಾಗುತ್ತದೆ, ಕಣ್ಣಿಗೆ ಮಾತ್ರ ಏನೂ ಇಲ್ಲ.

ತಿಂಗಳೊಂದು ಕಳೆದ ಮೇಲೆ ಅವಳು ಎರಡು ಬುಟ್ಟಿ ತಂದಿಟ್ಟಳಂತೆ.

‘ಇದೇನು ಎರಡು?’

‘ಇದು ಮೆದು ತಾತ, ಇದು ಗಟ್ಟಿ.’

‘ಯಾರು ಬೇರೆ ಮಾಡಿದ್ದು?’

‘ನಾನೇ.’

‘ಗ್ಲಿಸರಿನ್ ಎಲ್ಲಿ ಸಿಕ್ತು ನಿನಗೆ?’

‘ಅದ್ಯಾಕೆ? ಒಡೆದ ಅಂಚು ನೋಡಿದ್ರೆ ಗೊತ್ತಾಗಲ್ವಾ? ಮೆದು ಗಾಜಿನ ಅಂಚು ಹಸಿರು ಹೊಡೆಯುತ್ತೆ. ಮೇಜಿನ ಮೇಲೆ ಇಟ್ಟಾಗ ಸದ್ದೂ ಬೇರೆ.’

ತಾತ ಎರಡೂ ಬುಟ್ಟಿಯ ಒಂದೊಂದು ಚೂರನ್ನೂ ಅದ್ದಿ ಪರೀಕ್ಷಿಸಿದರು. ಒಂದೂ ತಪ್ಪಿರಲಿಲ್ಲ. ಅವರು ತಮ್ಮ ಸ್ಟೂಲಿನಿಂದ ಎದ್ದು, ‘ಕೂತ್ಕೋ’ ಎಂದರು. ಆರು ವರ್ಷ ಕಲಿಸಿದರು. ನಿವೃತ್ತರಾಗುವಾಗ ಕನ್ನಡಕವನ್ನೂ ನಾಲ್ಕು ಅಂಕಣಗಳ ಒಂದು ತಗಡಿನ ಡಬ್ಬಿಯನ್ನೂ ಕೊಟ್ಟು ಹೋದರು. ಅವರ ಕೆಲಸವೆಲ್ಲ ಇವಳಿಗೆ ಬಂತು. ಹುದ್ದೆಯ ಹೆಸರು ಬರಲಿಲ್ಲ. ಅದಕ್ಕೆ ಓದಿದ ಕಾಗದ ಬೇಕಿತ್ತು.

ಆ ಡಬ್ಬಿಯ ವಿಷಯ ಹೇಳಬೇಕು. ಮೆದು ಗಾಜನ್ನೂ ಗಟ್ಟಿ ಗಾಜನ್ನೂ ನೇರವಾಗಿ ಬೆಸೆದರೆ ಬೆಸುಗೆ ಎಷ್ಟು ಚೆಂದ ಕಂಡರೂ ಆರುವಾಗ ಟಿಕ್ ಎಂದು ಬಿರುಕು ಬಿಡುತ್ತದೆ. ‘ಅವೆರಡಕ್ಕೂ ಆಗಿಬರಲ್ಲ’ ಎನ್ನುತ್ತಿದ್ದರು ತಾತ, ಜಗಳಗಂಟ ಅತ್ತೆ ಸೊಸೆಯರ ಬಗ್ಗೆ ಹೇಳುವಂತೆ. ಸೇರಿಸಲೇಬೇಕಾದರೆ ನಡುವೆ ಬೇರೆ ಗಾಜುಗಳ ಸಣ್ಣ ಸಣ್ಣ ತುಂಡುಗಳನ್ನು ಒಂದರ ಪಕ್ಕ ಒಂದು ಬೆಸೆಯಬೇಕು. ಮೆದುವಿಗಿಂತ ಒಂದಿಷ್ಟು ಗಟ್ಟಿ, ಅದಕ್ಕಿಂತ ಇನ್ನೊಂದಿಷ್ಟು ಗಟ್ಟಿ, ಹೀಗೆ. ಡಬ್ಬಿಯ ಅಂಕಣಗಳಲ್ಲಿ ಇದ್ದದ್ದು ಅವು, ನಡು ಗಾಜುಗಳು. ಅವಳ ಮೂವತ್ತನಾಲ್ಕನೇ ವಯಸ್ಸಿಗೆ ಅವು ಮುಗಿದುಹೋದವು. ಯಾರೂ ತರಿಸಿಕೊಡಲಿಲ್ಲ.

ಆಗಲೇ ಒಬ್ಬ ಸಂಶೋಧಕನ ಹಳೆಯ ಯಂತ್ರದ ಮೆದು ಗಾಜಿನ ಕುತ್ತಿಗೆ ಮುರಿಯಿತು. ಗಟ್ಟಿ ಗಾಜಿನ ಹೊಸ ಭಾಗಕ್ಕೆ ಅದನ್ನು ಸೇರಿಸಬೇಕಿತ್ತು. ನಿಧಾನವಾಗಿ ಆರಿಸಿದರೆ ನಿಂತೀತು ಎಂದು ಇವಳು ನೇರವಾಗಿ ಬೆಸೆದಳು. ಒಡೆಯಿತು. ಇನ್ನೂ ನಿಧಾನವಾಗಿ ಆರಿಸಿದಳು. ಒಡೆಯಿತು. ಮೂರನೆಯದೂ ಒಡೆದ ಮೇಲೆ ಅದನ್ನು ಕೈಯಲ್ಲಿ ಹಿಡಿದು ಓಣಿಗೆ ಬಂದಳು. ಎದುರಿಗೆ ಚಾಕ್‌ಪೀಸ್ ಮೇಷ್ಟ್ರು ಬರುತ್ತಿದ್ದರು. ಕೋಟಿನ ತೋಳು, ಹುಬ್ಬು, ಕೆಲವೊಮ್ಮೆ ಮೂಗಿನ ತುದಿಯಲ್ಲೂ ಸುಣ್ಣದ ಪುಡಿ ಇರುತ್ತಿದ್ದುದರಿಂದ ಅವರಿಗೆ ಆ ಹೆಸರು.

‘ಸರ್, ಇವೆರಡನ್ನ ಸೇರಿಸಿದ್ರೆ ಯಾಕೆ ಒಡೆಯುತ್ತೆ?’

ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. ‘ಇದಾ? ಇದು ಎರಡನೇ ವರ್ಷದ ಪಾಠ ಕಣಮ್ಮ’ ಎಂದು ಹೇಳಿ ತರಗತಿಯೊಳಕ್ಕೆ ಹೋದರು. ಬಾಗಿಲು ಮುಚ್ಚಿಕೊಂಡಿತು.

ಅವರು ಕೆಟ್ಟವರಲ್ಲ. ತಡವಾಗಿತ್ತು, ಹೋದರು. ಈ ಮಾತನ್ನು ಅವಳೇ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಆದರೆ ಮುಚ್ಚಿದ ಆ ಬಾಗಿಲಿನ ಮುಂದೆ ಅವಳು ಎಷ್ಟು ಹೊತ್ತು ನಿಂತಿದ್ದಳೋ, ಒಳಗಿನ ಹಾಜರಿ ಕರೆ ಪೂರ್ತಿ ಮುಗಿಯುವವರೆಗೆ ಕೇಳಿಸಿಕೊಂಡಳಂತೆ.

ಅಲ್ಲಿಂದ ಗ್ರಂಥಾಲಯದ ಬಾಗಿಲಿಗೆ ಬಂದಳು. ನಾವಿಬ್ಬರೂ ಮಾತಾಡಿದ್ದು ಅದೇ ಮೊದಲು. ಗಾಜು ಯಾಕೆ ಒಡೆಯುತ್ತೆ ಅಂತ ಹೇಳೋ ಪುಸ್ತಕ ಇದೆಯಾ ಎಂದು ಕೇಳಿದಳು. ಇತ್ತು. ಆದರೆ ನಮ್ಮ ಗ್ರಂಥಾಲಯ ಬೋಧಕರಿಗೆ ಮತ್ತು ವಿದ್ಯಾರ್ಥಿಗಳಿಗೆ ಮಾತ್ರ. ನಿಯಮದ ಹಲಗೆ ನನ್ನ ತಲೆಯ ಮೇಲೆಯೇ ತೂಗುತ್ತಿತ್ತು. ಅವಳು ಆ ಹಲಗೆಯನ್ನು ಓದಿ ಒಂದು ಹೆಜ್ಜೆ ಹಿಂದೆ ಸರಿದಳು.

‘ಒಳಗೆ ಬರಲ್ಲ ಬಿಡಿ. ನೀವೇ ಓದಿ, ಹೊರಗೆ ಬಂದು ಹೇಳಿ. ಅದಕ್ಕೇನೂ ನಿಯಮ ಇಲ್ವಲ್ಲ?’

ಮರುದಿನ ಆ ಪುಸ್ತಕವನ್ನು ಊಟದ ಚೀಲದಲ್ಲಿ ಮುಚ್ಚಿಟ್ಟುಕೊಂಡು ಅವಳ ಕೋಣೆಗೆ ಹೋದೆ. ನಿಯಮ ಮುರಿದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಊಟದ ಹೊತ್ತಿನಲ್ಲಿ ಒಂದೊಂದೇ ವಾಕ್ಯ ಓದಿ ಅರ್ಥ ಹೇಳಿದೆ. ಬಿಸಿಯಾದಾಗ ಎಲ್ಲ ಗಾಜೂ ಹಿಗ್ಗುತ್ತದೆ, ಆರುವಾಗ ಕುಗ್ಗುತ್ತದೆ, ಮೆದು ಗಾಜು ಗಟ್ಟಿ ಗಾಜಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಕುಗ್ಗುತ್ತದೆ, ಒಂದು ಎಳೆಯುತ್ತದೆ, ಇನ್ನೊಂದು ಬರುವುದಿಲ್ಲ, ಬೆಸುಗೆ ಹರಿಯುತ್ತದೆ. ಇಷ್ಟೇ. ಅವಳು ಕೇಳಿ ತಲೆದೂಗಿದಳು. ಆ ವಾರವೇ ಶುರುಮಾಡಿ, ಎರಡೂ ಗಾಜಿನ ಎಳೆಗಳನ್ನು ಬೇರೆ ಬೇರೆ ಪಾಲಿನಲ್ಲಿ ಹೆಣೆದು, ಕರಗಿಸಿ, ಎಳೆದು, ಮತ್ತೆ ಮಡಿಸಿ ಕರಗಿಸಿ, ಹನ್ನೊಂದು ದಿನದಲ್ಲಿ ನಾಲ್ಕು ಬಗೆಯ ನಡು ಗಾಜನ್ನು ತಾನೇ ಮಾಡಿಕೊಂಡಳು. ಅಳೆಯಲು ಅವಳ ಬಳಿ ಯಾವ ಉಪಕರಣವೂ ಇರಲಿಲ್ಲ. ಆ ಯಂತ್ರದ ಕುತ್ತಿಗೆ ಇವತ್ತಿಗೂ ಗಟ್ಟಿಯಾಗಿದೆ. ಹೋಗಿ ಮುಟ್ಟಿ ನೋಡಿ ಬಂದೆ.

‘ಸರಿ ಹೋಯ್ತಲ್ಲ. ಇನ್ನೇನು?’ ಎಂದೆ.

‘ಉತ್ತರ ಸಿಕ್ತು ಕಣೇ. ಪಾಠ ಸಿಗಲಿಲ್ಲ.’

‘ಎರಡೂ ಒಂದೇ ತಾನೇ?’

‘ನಿನಗೆ ಒಂದೇ. ನೀನು ಬೆಂಚಿನ ಮೇಲೆ ಕೂತು ಬಂದೋಳು. ನಾನು ಆ ಬಾಗಿಲ ಒಳಗೆ ಕೂತಿರ್ಬೇಕು, ಅವರು ಅದನ್ನ ಹೇಳ್ಬೇಕು. ಎರಡನೇ ವರ್ಷದ ಪಾಠ ಅಂದ್ರಲ್ಲ, ಎರಡನೇ ವರ್ಷಕ್ಕೆ ಹೋದ್ರಾಯ್ತು.’

ಪಕ್ಕದ ಬೀದಿಗೆ ಹೋಗಿ ಬರುತ್ತೇನೆ ಎನ್ನುವಷ್ಟು ಸಲೀಸಾಗಿ ಹೇಳಿದಳು. ನಾನು ನಕ್ಕೆ. ಆ ನಗೆಗೆ ಈಗಲೂ ನಾಚಿಕೆಯಾಗುತ್ತದೆ.

ಮೂವತ್ತಾರಕ್ಕೆ ಶಾಲೆಯ ಕೊನೆಯ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಿ ಪಾಸಾದಳು. ಮುಂದೆ ಕಾಲೇಜು ಸೇರುವ ಮುನ್ನ ಎರಡು ವರ್ಷದ ವಿಜ್ಞಾನ ಓದಬೇಕು. ಅಲ್ಲಿ ಸಿಕ್ಕಿಕೊಂಡಳು. ಖಾಸಗಿಯಾಗಿ ಪರೀಕ್ಷೆಗೆ ಕೂರುವವರು ಕಲೆ ಓದಬಹುದು, ವಾಣಿಜ್ಯ ಓದಬಹುದು, ವಿಜ್ಞಾನ ಮಾತ್ರ ಓದುವಂತಿಲ್ಲ. ಅವರಿಗೆ ಪ್ರಯೋಗಾಲಯದ ಅಭ್ಯಾಸ ಇರುವುದಿಲ್ಲವಲ್ಲ, ಅದಕ್ಕೆ. ಪರೀಕ್ಷಾ ಮಂಡಳಿಯಿಂದ ಬಂದ ಪತ್ರದಲ್ಲಿ, ‘ಅರ್ಜಿದಾರರು ಪ್ರಯೋಗಾಲಯದ ಗಾಜಿನ ಉಪಕರಣಗಳನ್ನು ಬಳಸಿದ ಬಗ್ಗೆ ಯಾವುದೇ ದಾಖಲೆ ಇರುವುದಿಲ್ಲ’ ಎಂದು ಬರೆದಿತ್ತು. ಆ ಪತ್ರವನ್ನು ಅವಳು ಜ್ವಾಲೆಯ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದಳು. ಬಂದವರಿಗೆಲ್ಲ ಓದಿ ಹೇಳುವಳು.

‘ನಿಜ ತಾನೇ? ನಾನು ಬಳಸಿಲ್ಲ. ಬರೀ ಮಾಡಿದೀನಿ.’

ಹಗಲು ಕಾಲೇಜಿಗೆ ಸೇರಿದರೆ ಕೆಲಸ ಹೋಗುತ್ತದೆ. ಸಂಜೆ ಕಾಲೇಜಿನಲ್ಲಿ ವಿಜ್ಞಾನ ಇಲ್ಲ. ಐದು ವರ್ಷ ಅರ್ಜಿ ಬರೆದಳು. ಬರೆಯುತ್ತಿದ್ದವಳು ನಾನು, ಹೇಳುತ್ತಿದ್ದವಳು ಅವಳು. ‘“ದಯವಿಟ್ಟು” ಒಂದೇ ಸಾಕು ಕಣೇ, ಮೂರು ಕಡೆ ಹಾಕಿದ್ರೆ ಭಿಕ್ಷೆ ಥರ ಇರುತ್ತೆ’ ಎಂದು ತಿದ್ದಿಸುವಳು. ಕೊನೆಗೆ ನಿಯಮದ ಪುಸ್ತಕದಲ್ಲಿ ಒಂದು ಸಂದಿ ಸಿಕ್ಕಿತು: ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ನಿಗದಿಯಾದ ನಲವತ್ತು ಪ್ರಯೋಗಗಳನ್ನು ಮಾಡಿ, ಪ್ರತಿಯೊಂದಕ್ಕೂ ಒಬ್ಬ ಅಧ್ಯಾಪಕರ ಸಹಿ ಪಡೆದವರು ಪರೀಕ್ಷೆಗೆ ಕೂರಬಹುದು. ಎರಡು ವರ್ಷ, ಊಟದ ಬಿಡುವಿನಲ್ಲಿ, ನಿಂತುಕೊಂಡೇ ನಲವತ್ತನ್ನೂ ಮಾಡಿದಳು. ಸಹಿಗಾಗಿ ಓಣಿಯಲ್ಲಿ ಹೋಗುವವರನ್ನು ತಡೆದು ನಿಲ್ಲಿಸುವಳು. ಅರ್ಧಕ್ಕರ್ಧ ಸಹಿ ಚಾಕ್‌ಪೀಸ್ ಮೇಷ್ಟ್ರದೇ. ಕಾಗದದ ಮೇಲೆ ಅವರ ಬೆರಳಿನ ಬಿಳಿ ಗುರುತು ಬೇರೆ. ಯಾಕೆ ಓದುತ್ತಿದ್ದೀರಿ ಎಂದು ಅವರು ಕೇಳಲಿಲ್ಲ. ಇವಳೂ ಹೇಳಲಿಲ್ಲ.

ಪ್ರಯೋಗ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದರು. ಕೈಕೆಲಸವೆಲ್ಲ ಇವಳು ನೀರು ಕುಡಿದಷ್ಟು ಸುಲಭವಾಗಿ ಮುಗಿಸಿದಳು. ಕೊನೆಯ ಪ್ರಶ್ನೆ: ಆವಿಯನ್ನು ತಣಿಸಿ ನೀರು ಮಾಡುವ ಕಂಡೆನ್ಸರಿನ ಚಿತ್ರ ಬರೆದು ಭಾಗಗಳನ್ನು ಹೆಸರಿಸಿ. ಇವಳು ಪೆನ್ಸಿಲ್ ಹಿಡಿದು ಕೂತಳು. ಕೂತೇ ಇದ್ದಳು.

‘ಏನಾಯ್ತಮ್ಮ? ಕಂಡೆನ್ಸರ್ ನೋಡಿಲ್ವಾ?’

‘ನೋಡಿದೀನಿ ಸರ್. ಬರೆಯೋಕೆ ಬರಲ್ಲ. ಒಂದು ಮಾಡಿಕೊಡ್ಲಾ? ಅರ್ಧ ಗಂಟೆ ಸಾಕು.’

ಪರೀಕ್ಷಕರು ತಮಾಷೆ ಎಂದುಕೊಂಡರು. ನಿಜವೆಂದು ತಿಳಿದ ಮೇಲೆ ಪಾಪ ಅವರಿಗೇ ಮುಜುಗರವಾಯಿತು. ಅಂಕ ಇರುವುದು ಚಿತ್ರಕ್ಕೆ ಮಾತ್ರ ಎಂದರು. ಅವಳು ಬರೆದ ಚಿತ್ರ ಸೋರೆಕಾಯಿಯ ಹಾಗಿತ್ತು. ಎರಡು ಅಂಕದಲ್ಲಿ ನಪಾಸಾದಳು.

ಫಲಿತಾಂಶ ಬಂದ ಸಂಜೆ ಅವಳ ಮನೆಗೆ ಹೋದೆ. ಎರಡು ಕೋಣೆಯ ಮನೆ. ಅಮ್ಮ ಕಿಟಕಿಯ ಬಳಿ ಕೂತಿದ್ದರು, ತಮ್ಮ ಖಾಕಿ ಬಟ್ಟೆಯಲ್ಲೇ ಚಹಾ ಕುಡಿಯುತ್ತಿದ್ದ.

‘ಅಕ್ಕ, ನಾನು ಕಾಲೇಜು ಬಿಟ್ಟೆ, ನೀನೂ ಬಿಡು. ನಮ್ಮ ಮನೆ ನೀರೇ ಹಾಗೆ’ ಎಂದ ತಮ್ಮ.

‘ನಿನ್ನ ತಲೆ. ನೀನು ಹಿಂದಿನ ಬೆಂಚಲ್ಲಿ ಕೂತೆ, ಬಿಟ್ಟೆ. ನಾನಿನ್ನೂ ಕೂತೇ ಇಲ್ಲ, ಬಿಡೋದು ಏನನ್ನ?’

ಅಮ್ಮ ಎದ್ದು ಹೋಗಿ ಸೀರೆಗಳ ಕೆಳಗಿನಿಂದ ಮಡಿಸಿದ ಕಾಗದವೊಂದನ್ನು ತಂದು ಮಗಳ ಮಡಿಲಲ್ಲಿಟ್ಟರು. ಏಳನೇ ತರಗತಿಯ ಅಂಕಪಟ್ಟಿ. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಅವಳು ಒಂದೊಂದು ತುಂಡನ್ನೂ ಪಕ್ಕಪಕ್ಕ ಜೋಡಿಸಿ ನೋಡಿ, ‘ಇಲ್ಲೂ ಚಿತ್ರಕಲೆಯಲ್ಲೇ ಕಡಿಮೆ ಬಂದಿದೆಯಲ್ಲಮ್ಮ’ ಎಂದಳು. ಅಮ್ಮ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು.

ಮರುದಿನದಿಂದ ಚಿತ್ರದ ಪಾಠ. ರೂಲರ್ ಹಿಡಿದು ಗೆರೆ ಎಳೆಯುವುದನ್ನು ನಾನು ಕಲಿಸಿದೆ. ದುಂಡಗಿರುವುದನ್ನು ಚಪ್ಪಟೆಯಾಗಿ ನೋಡುವುದು ಅವಳಿಗೆ ಬಲು ಕಷ್ಟ. ‘ಇದರ ಹಿಂದಿನ ಗೋಡೆ ಎಲ್ಲಿ ಹೋಯ್ತು?’ ಎಂದು ಜಗಳಕ್ಕೆ ನಿಲ್ಲುವಳು. ಒಂದು ವರ್ಷ ಬರೆದಳು, ಹಾಳೆಗೆ ಹಾಳೆ. ನಲವತ್ತನಾಲ್ಕಕ್ಕೆ ಪಾಸಾದಳು.

ಪದವಿಗೆ ಮೊದಲ ಸಲ ಅರ್ಜಿ ಹಾಕಿದಾಗ ಸೀಟು ಸಿಗಲಿಲ್ಲ. ಮನೆಗೆ ಮೇಷ್ಟ್ರನ್ನು ಕರೆಸಿ ಓದಿದವರ ಅಂಕಗಳ ಮುಂದೆ ಊಟದ ಬಿಡುವಿನಲ್ಲಿ ಓದಿದವಳ ಅಂಕ ಎಲ್ಲಿ ನಿಲ್ಲಬೇಕು. ಎರಡನೇ ಸಲ ಕಾಯುವ ಪಟ್ಟಿಯಲ್ಲಿ ಮೂರನೆಯವಳಾದಳು. ಸೀಟು ಸಿಕ್ಕಿದ ಮೂವರು ಇನ್ನೂ ದೊಡ್ಡ ಕಾಲೇಜಿಗೆ ಹೊರಟುಹೋದರು. ಹಾಗೆ ನಲವತ್ತಾರರಲ್ಲಿ ಅವಳು ಮೊದಲ ವರ್ಷದ ತರಗತಿಗೆ ಕಾಲಿಟ್ಟಳು. ಕೆಲಸ ಬಿಡಲಿಲ್ಲ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ, ಮತ್ತೆ ತರಗತಿ ಮುಗಿದ ಮೇಲೆ ಗಾಜು ಊದುವುದೆಂದು ಮುಖ್ಯಸ್ಥರು ಒಪ್ಪಿದರು. ಗ್ರಂಥಾಲಯದ ಕಾರ್ಡನ್ನು ನಾನೇ ಬರೆದುಕೊಟ್ಟೆ. ಅವಳು ಅದನ್ನು ಹಿಡಿದು ಹೊಸ್ತಿಲ ಹೊರಗೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಲಗಾಲಿಟ್ಟು ಒಳಗೆ ಬಂದು, ‘ಇಷ್ಟೇನಾ? ನಾನು ಏನೋ ಅಂದ್ಕೊಂಡಿದ್ದೆ’ ಎಂದು ಕಪಾಟುಗಳನ್ನು ಒಂದು ಸುತ್ತು ಹಾಕಿದಳು.

ಮೊದಲ ವಾರದಲ್ಲೇ ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ನಮ್ಮ ಪ್ರಯೋಗಾಲಯದಲ್ಲಿ ಗಾಜು ಒಡೆದವರು ಪುಸ್ತಕವೊಂದರಲ್ಲಿ ಸಹಿ ಮಾಡಬೇಕು. ಅಷ್ಟು ವರ್ಷ ಒಡೆದ ಚೂರುಗಳನ್ನು ಮಾತ್ರ ನೋಡಿದ್ದವಳು ಈಗ ಒಡೆಯುವ ಕೈಗಳನ್ನು ನೋಡಿದಳು. ಒಡೆಯುತ್ತಿದ್ದವರು ತುಂಟರಲ್ಲ, ಸೋಮಾರಿಗಳಲ್ಲ. ಪ್ರಯೋಗಾಲಯವೇ ಇಲ್ಲದ ಶಾಲೆಗಳಿಂದ ಬಂದವರು. ಹೆದರಿಕೆಯಿಂದ ಬಿಗಿಯಾಗಿ ಹಿಡಿಯುತ್ತಾರೆ, ಬಿಗಿಯಾಗಿ ಹಿಡಿದದ್ದು ಒಡೆಯುತ್ತದೆ. ಎರಡು ಮೂರು ಸಲ ಸಹಿ ಮಾಡಿದ ಮೇಲೆ ತಾವು ಇಲ್ಲಿಗೆ ಲಾಯಕ್ಕಲ್ಲವೆಂದು ಸದ್ದಿಲ್ಲದೆ ಬಿಟ್ಟುಹೋಗುತ್ತಾರೆ. ಅವಳ ತಮ್ಮ ಬಿಟ್ಟುಹೋದ ಹಾಗೆ.

ಅವರನ್ನು ಅವಳು ಬೆಳಿಗ್ಗೆ ಎಂಟಕ್ಕೆ ತನ್ನ ಕೋಣೆಗೆ ಕರೆದಳು. ಮೊದಲ ದಿನ ಹೆದರಿ ನಿಂತ ಒಬ್ಬ ಹುಡುಗಿಯ ಕೈಗೆ, ಎಸೆಯಬೇಕಾಗಿದ್ದ ಬಿರುಕು ಬಿಟ್ಟ ಫ್ಲಾಸ್ಕ್ ಕೊಟ್ಟು, ‘ಬೀಳಿಸು’ ಎಂದಳು.

‘ಅಕ್ಕ?’

‘ಆ ಬಕೆಟ್ಟಿಗೆ ಬೀಳಿಸು. ಸದ್ದು ಕೇಳು. ಆಯ್ತಾ? ಇಷ್ಟೇ ಅದು. ಮನೆ ಬಿದ್ದುಹೋಗಲಿಲ್ಲ. ಈಗ ಇನ್ನೊಂದನ್ನ ಹಿಡ್ಕೋ. ಬೆಕ್ಕಿನ ಮರೀನ ಹಿಡಿಯೋ ಹಾಗೆ.’

ಆ ವರ್ಷ ಆ ಗುಂಪಿನಿಂದ ಒಬ್ಬರೂ ಬಿಟ್ಟುಹೋಗಲಿಲ್ಲ. ನಾನು ಇದನ್ನು ಹೊಗಳಿದಾಗ, ‘ನಡು ಗಾಜು ಹಾಕಿದೆ, ಅಷ್ಟೆ’ ಎಂದಳು. ಫಲಕದ ಮೇಲಿನ ಪೆನ್ಸಿಲ್ ಬರಹ ಅವರಲ್ಲಿ ಒಬ್ಬರದಿರಬೇಕು.

ಎರಡನೇ ವರ್ಷ ಬಂತು. ಆ ಪಾಠ ಯಾವ ದಿನ ಎಂದು ಅವಳಿಗೆ ತಿಂಗಳ ಮೊದಲೇ ಗೊತ್ತಿತ್ತು. ಪಾಠ ಮಾಡುವವರು ಚಾಕ್‌ಪೀಸ್ ಮೇಷ್ಟ್ರೇ. ಅವರಿಗೂ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಮೇಷ್ಟ್ರು ಕೇಳಿದ್ದ ದೊಡ್ಡ ಪುಸ್ತಕವನ್ನು ತಲುಪಿಸುವ ನೆಪದಲ್ಲಿ ನಾನೂ ಹೋಗಿ ಹಿಂದೆ ನಿಂತೆ. ಅವಳು ಮೂರನೇ ಬೆಂಚಿನಲ್ಲಿದ್ದಳು. ಇಸ್ತ್ರಿ ಮಾಡಿದ ಬಟ್ಟೆ, ಹೊಸ ನೋಟುಪುಸ್ತಕ. ಅಕ್ಕಪಕ್ಕದಲ್ಲಿ ಅವಳಿಗೆ ಮಕ್ಕಳಾಗಿರಬಹುದಾದ ವಯಸ್ಸಿನವರು.

ಮೇಷ್ಟ್ರು ಎರಡು ಗಾಜಿನ ಕಡ್ಡಿಗಳನ್ನು ಎತ್ತಿ ತೋರಿಸಿದರು. ‘ಇದು ಮೆದು ಗಾಜು, ಇದು ಗಟ್ಟಿ ಗಾಜು. ಇವನ್ನ ಬೆಸೀತೀನಿ. ಆರುವಾಗ ಏನಾಗುತ್ತೆ, ನೋಡ್ತಾ ಇರಿ.’ ಸಣ್ಣ ಟಾರ್ಚ್ ಹೊತ್ತಿಸಿ, ಸೊಟ್ಟಗೆ, ಗಂಟುಗಂಟಾಗಿ ಬೆಸೆದರು. ಮೇಜಿನ ಮೇಲಿದ್ದ ಹಲಗೆಯಲ್ಲಿಟ್ಟರು. ಎಲ್ಲರೂ ಕಾದೆವು. ಏನೂ ಆಗಲಿಲ್ಲ. ಮೇಷ್ಟ್ರು ಬಗ್ಗಿ ನೋಡಿದರು. ಕಡ್ಡಿ ಆರಿತು. ಬೆಸುಗೆ ಹಾಗೇ ಇತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಮೇಷ್ಟ್ರು ಕೋಟಿಗೆ ಕೈ ಒರೆಸಿಕೊಂಡು, ‘ಯಾಕೆ ಒಡೀಲಿಲ್ಲ? ಯಾರಾದ್ರೂ ಹೇಳ್ತೀರಾ?’ ಎಂದರು. ಅವರಿಗೂ ತಿಳಿದಿರಲಿಲ್ಲ.

ಅವಳಿಗೆ ತಿಳಿದಿತ್ತು. ಕಡ್ಡಿ ಜ್ವಾಲೆಗೆ ಬಂದ ಕ್ಷಣದಲ್ಲೇ ತಿಳಿದಿತ್ತು. ಅವಳ ಭುಜ ಬಿಗಿದದ್ದನ್ನು ನಾನು ಹಿಂದಿನಿಂದ ಕಂಡೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆಗಲೇ ಬಾಯಿ ಹಾಕುತ್ತಿದ್ದೆ. ಆ ಕಟ್ಟಡದಲ್ಲಿ ಗಾಜಿನ ಬಗ್ಗೆ ಮಾತಾಡಲು ಅವಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ಅವಳು ಕೈ ಎತ್ತಿದಳು. ಶಾಲೆಯ ಮಕ್ಕಳು ಎತ್ತುವ ಹಾಗೆ, ನೆಟ್ಟಗೆ, ಅಂಗೈ ಮುಂದೆ ಮಾಡಿ. ಎತ್ತಿ ಕಾದಳು.

‘ಹೂ, ಹೇಳಿ’ ಎಂದರು ಮೇಷ್ಟ್ರು.

ಅವಳು ಎದ್ದು ನಿಂತಳು. ‘ಸರ್, ಎರಡೂ ಗಟ್ಟಿ ಗಾಜೇ. ಒಂದೇ ಥರ ಹಿಗ್ಗುತ್ತೆ, ಒಂದೇ ಥರ ಕುಗ್ಗುತ್ತೆ. ಅದಕ್ಕೇ ಒಡೀಲಿಲ್ಲ.’

‘ಅದು ಹೇಗೆ ಗೊತ್ತಾಯ್ತು?’

‘ಮೆದು ಗಾಜಾಗಿದ್ರೆ ಮೊದಲು ಬಾಗ್ತಿತ್ತು ಸರ್. ಜ್ವಾಲೆ ಹಳದಿನೂ ಜಾಸ್ತಿ ಬರ್ತಿತ್ತು. ಮೆದು ಕಡ್ಡಿಗೆ ಕೆಂಪು ಬಣ್ಣದ ಚುಕ್ಕೆ ಇಟ್ಟಿರ್ತೀನಿ, ಇದಕ್ಕಿಲ್ಲ. ಉಗ್ರಾಣದಲ್ಲಿ ಕಟ್ಟು ಬೆರೆತುಹೋಗಿರ್ಬೇಕು.’

ಮೇಷ್ಟ್ರು ಮತ್ತೊಂದು ಕಡ್ಡಿ ತರಿಸಿದರು. ಚುಕ್ಕೆ ನೋಡಿಕೊಂಡರು. ಆಮೇಲೆ ಟಾರ್ಚನ್ನು ಅವಳ ಕಡೆ ಚಾಚಿ, ‘ನೀವೇ ಬೆಸೆದು ತೋರಿಸಿ. ನನ್ನ ಕೈ ನೋಡಿದ್ರಲ್ಲ’ ಎಂದರು. ಎಲ್ಲರೂ ನಕ್ಕರು.

‘ಇವತ್ತು ಬೇಡ ಸರ್’ ಎಂದಳು ಅವಳು. ‘ಇವತ್ತು ನಾನು ಪಾಠ ಕೇಳೋಕೆ ಬಂದಿದೀನಿ.’

ಕೂತಳು. ಮೇಷ್ಟ್ರು ಒಂದು ಗಳಿಗೆ ಅವಳನ್ನೇ ನೋಡಿದರು. ಹದಿನಾಲ್ಕು ವರ್ಷದ ಹಿಂದಿನ ಓಣಿ ಅವರಿಗೆ ನೆನಪಾಯಿತೋ ಇಲ್ಲವೋ ನಾನರಿಯೆ. ತಿರುಗಿ, ಮತ್ತೆ ಸೊಟ್ಟಗೆ ಬೆಸೆದು, ಹಲಗೆಯ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಟಿಕ್ ಎಂದಿತು. ಆ ಸದ್ದನ್ನು ಅವಳು ಎಷ್ಟು ಸಾವಿರ ಸಲ ಕೇಳಿದ್ದಳೋ. ಆದರೂ ಮೊದಲ ಸಲ ಕೇಳಿದವಳಂತೆ ಬೆಚ್ಚಿದಳು. ಮೇಷ್ಟ್ರು ಕಪ್ಪುಹಲಗೆಯ ಕಡೆ ತಿರುಗಿ, ಯಾಕೆ ಹೀಗಾಯಿತೆಂದರೆ ಎಂದು ಶುರುಮಾಡಿದರು. ಅವಳು ರೂಲರ್ ತೆಗೆದು ಮೊದಲ ಗೆರೆ ಎಳೆದಳು.

ಅವತ್ತು ಅವರು ಮನೆಗೆ ಒಂದು ಪ್ರಶ್ನೆ ಕೊಟ್ಟರು: ಇವೆರಡು ಗಾಜನ್ನು ಸೇರಿಸಲು ನಡುವೆ ಎಷ್ಟು ಬಗೆಯ ಗಾಜು ಬೇಕು? ವಾರದ ನಂತರ ಪುಸ್ತಕಗಳು ತಿದ್ದಿ ಬಂದವು. ಅವಳು ತನ್ನದನ್ನು ಹಿಡಿದು ನೇರ ಗ್ರಂಥಾಲಯಕ್ಕೆ, ನನ್ನ ಮೇಜಿನವರೆಗೂ ಬಂದಳು. ಆಗಲೇ ಮೈ ಸ್ವಲ್ಪ ಬಿಸಿಯಿತ್ತು. ಮಳೆಯಲ್ಲಿ ನೆನೆದೆ, ಅದಕ್ಕೇ ಎಂದಳು. ಆ ಜ್ವರ ಬಿಡದೆ ಒಂಬತ್ತನೇ ದಿನ ಅವಳನ್ನು ತೆಗೆದುಕೊಂಡು ಹೋಯಿತು.

ಆ ನೋಟುಪುಸ್ತಕ ಈಗ ನನ್ನ ಬಳಿ ಇದೆ. ಅಮ್ಮ ಕೊಟ್ಟರು. ಪುಟದ ಮೇಲ್ಭಾಗದಲ್ಲಿ ಬೆಸುಗೆಯ ಚಿತ್ರ, ಗೆರೆಗಳು ನೆಟ್ಟಗಿವೆ, ಭಾಗಗಳಿಗೆ ಹೆಸರಿದೆ. ಕೆಳಗೆ ಉತ್ತರ, ಒಂದೇ ಪದ: ‘ನಾಲ್ಕು’. ಅದರ ಮುಂದೆ ಮೇಷ್ಟ್ರ ಕೆಂಪು ಶಾಯಿ: ‘ಉತ್ತರ ಸರಿ. ಹೇಗೆ ಬಂತೆಂದು ತೋರಿಸಿಲ್ಲ. ಅರ್ಧ ಅಂಕ.’

‘ಹೇಗೆ ತೋರಿಸೋದು ಹೇಳು?’ ಎಂದಿದ್ದಳು ಅವತ್ತು, ನನ್ನ ಎದುರು ಕುರ್ಚಿ ಎಳೆದು ಕೂತು. ‘ತಾತನ ಡಬ್ಬಿ ತಂದು ಅಂಟಿಸ್ಬೇಕಾಗಿತ್ತಾ?’

‘ಹೋಗಿ ಕೇಳು. ಪೂರ್ತಿ ಅಂಕ ಕೊಡ್ತಾರೆ. ನಿನಗೆ ಕೊಡದೆ ಇನ್ಯಾರಿಗೆ ಕೊಡ್ತಾರೆ?’

‘ಹುಚ್ಚಿ’ ಎಂದಳು. ಆ ಅರ್ಧ ಅಂಕದ ಮೇಲೆ ಬೆರಳಿಟ್ಟು, ಅದು ಅಳಿಸಿಹೋದೀತೆಂಬಂತೆ ಮೆಲ್ಲಗೆ ಸವರಿದಳು. ‘ಲೆಕ್ಕ ತೋರಿಸದೆ ಇರೋರಿಗೆಲ್ಲ ಅರ್ಧವೇ ಕೊಟ್ಟಿದಾರೆ ಕಣೇ. ಎಲ್ಲರ ಪುಸ್ತಕ ನೋಡಿ ಬಂದೆ. ನಂಗೂ ಅಷ್ಟೇ ಕೊಟ್ಟಿದಾರೆ.’